ಮಂದು ಅಂತ ಹೊಡೀಲಾ, ಮದ್ದು ಅಂತ ಹೊಡೀಲಾ?

ಹೋದ ತಿಂಗಳು ನನ್ನ ಕಕ್ಷಿದಾರಳೊಬ್ಬಳು ಕಟಕಟೆಯಲ್ಲಿ ನಿಂತಿದ್ದಳು. ಎದುರಿಗೆ ಜಡ್ಜ್ ಸಾಹೇಬರು, ಅವರ ಕೆಳಗೆ ಟೈಪಿಸ್ಟು, ಹಿಂದಿನ ಬೆಂಚುಗಳಲ್ಲಿ ಅರ್ಧ ಊರು. ಅಷ್ಟು ಜನರ ಮುಂದೆ ಆಕೆ ಗಂಟಲು ಬಿಚ್ಚಿ ಹೇಳಿಬಿಟ್ಟಳು.

"ಔನು ಸಾಮಿ. ಮಂದು ಹಾಕಿದ್ದು ನಾನೇ."

ನಾನು ಆಕೆಯ ವಕೀಲೆ. ಆಕೆಯ ಮೇಲಿದ್ದ ಆರೋಪವೇ ಕುರಿಗಳಿಗೆ ವಿಷ ಹಾಕಿದಳು ಅನ್ನುವುದು!

ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಲಾ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಗೌನು ಸರಿಮಾಡಿಕೊಂಡೆ. (ಏನೂ ತೋಚದಾಗ ವಕೀಲರೆಲ್ಲ ಮಾಡುವುದು ಅದನ್ನೇ. ಇನ್ನೊಮ್ಮೆ ಕೋರ್ಟಿಗೆ ಹೋದಾಗ ಗಮನಿಸಿ ನೋಡಿ.)

ಈ ಅಂಕಣವನ್ನು ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ಮೊದಲಿನಿಂದ ವಕೀಲಳಲ್ಲ. ಓದಿದ್ದು ಕೆಮಿಕಲ್ ಇಂಜಿನಿಯರಿಂಗ್. ತುಮಕೂರು ದಾರಿಯ ಒಂದು ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ಬಿಳಿ ಕೋಟು ಹಾಕಿಕೊಂಡು, ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕು ಅಂತ ನೋಡಿಕೊಂಡಿದ್ದವಳು. ಫ್ಯಾಕ್ಟರಿಯಲ್ಲಿ 'ಪ್ರಮಾಣ' ಅಂದರೆ ಎಷ್ಟು ಹಾಕಬೇಕು ಅನ್ನುವುದು. ಕೋರ್ಟಿನಲ್ಲಿ 'ಪ್ರಮಾಣ' ಅಂದರೆ ಸತ್ಯವನ್ನೇ ಹೇಳುತ್ತೇನೆ ಅನ್ನುವುದು. ಈ ಪ್ರಮಾಣದಿಂದ ಆ ಪ್ರಮಾಣಕ್ಕೆ ನಾನು ಜಿಗಿದದ್ದು ಹೇಗೆ ಅಂತ ಮದುವೆಮನೆಗಳಲ್ಲಿ ಈಗಲೂ ಕೇಳುತ್ತಾರೆ. "ಏನಮ್ಮಾ, ಫ್ಯಾಕ್ಟ್ರಿ ಮುಚ್ಚೋಯ್ತಾ?" ಅಂತ ಅನುಕಂಪದಿಂದ ಕೈ ಹಿಡಿದುಕೊಳ್ಳುವವರೂ ಇದ್ದಾರೆ. ಮುಚ್ಚಿಲ್ಲ. ನಾನಿಲ್ಲದೆ ಇನ್ನೂ ಚೆನ್ನಾಗಿ ನಡೆಯುತ್ತಿದೆ!

ಆದದ್ದು ಇಷ್ಟು. ಆಸಿಡ್ ಸರಬರಾಜು ಮಾಡುವವರೊಬ್ಬರ ಜೊತೆ ಫ್ಯಾಕ್ಟರಿಗೆ ತಕರಾರು ಬಂದು, ನನ್ನನ್ನು ಸಾಕ್ಷಿಯಾಗಿ ಕೋರ್ಟಿಗೆ ಕಳಿಸಿದರು. ಜಡ್ಜ್ ಒಬ್ಬರು ಕನ್ನಡಕ ತೆಗೆದು, "ಈ ಪಿಎಚ್ ಪಿಎಚ್ ಅಂತೀರಲ್ಲ, ಏನಮ್ಮಾ ಅದು?" ಅಂದರು. ಪುಸ್ತಕದ ವ್ಯಾಖ್ಯೆ ಒಪ್ಪಿಸಿದೆ. ಅವರ ಮುಖ ಅಲುಗಲಿಲ್ಲ. ಕೊನೆಗೆ, "ಸ್ವಾಮಿ, ಹುಣಿಸೇಹಣ್ಣು ಎಷ್ಟು ಹುಳಿ ಅಂತ ನಾಲಿಗೆ ಹೇಳುತ್ತಲ್ಲ, ಅದನ್ನೇ ನಂಬರಿನಲ್ಲಿ ಹೇಳೋದು" ಅಂದೆ. "ಅಷ್ಟೇನಾ? ಮೊದಲೇ ಹೇಳಬಾರದಾ!" ಅಂದರು ಜಡ್ಜ್. ಇಡೀ ಕೋರ್ಟ್ ಹಾಲು ನಕ್ಕಿತು. ಆವತ್ತು ಹಿಡಿಯಿತು ನೋಡಿ ಹುಚ್ಚು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಯುವ ಹಾಗೆ ದಾಟಿಸುವುದೂ ಒಂದು ಕೆಲಸವೇ, ಅದಕ್ಕೂ ಒಂದು ಕೋಟು ಇದೆ ಅಂತ ಗೊತ್ತಾಯಿತು.

ಮನೆಯಲ್ಲಿ ಹೇಳಿದಾಗ ನನ್ನ ಅತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ತಲೆ ಎತ್ತದೆ ಅಂದರು: "ಬಿಳೀ ಕೋಟು ಬುಟ್ಟು ಕರೀ ಕೋಟು ತಾನೇ? ಒಗೆಯೋ ಕಷ್ಟ ಕಮ್ಮಿ ಆಯ್ತದೆ, ಓದ್ಕೋ ಓಗು." ಮೂರು ವರ್ಷ ನನ್ನ ಮಗಳ ಜಡೆ, ಡಬ್ಬಿ, ಜ್ವರ ಎಲ್ಲವನ್ನೂ ಅವರೇ ನೋಡಿಕೊಂಡರು. ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಮಧುಗಿರಿಯ ನನ್ನ ಸೀನಿಯರ್ ಇನ್ನೊಂದು ಥರ. ತಮ್ಮ ಉಳಿದ ಜೂನಿಯರ್‌ಗಳಿಗೆಲ್ಲ ಚಿಕ್ಕಮ್ಮನಂತೆ ಕಾಣುತ್ತಿದ್ದ ನನ್ನನ್ನು ಸೇರಿಸಿಕೊಂಡು, "ಬಾರಮ್ಮ, ನಮ್ಮಲ್ಲಿ ಲ್ಯಾಬ್ ಇರಲಿಲ್ಲ, ಈಗ ಬಂತು" ಅಂದರು. ಬದುಕಿನಲ್ಲಿ ದಾರಿ ಬದಲಿಸಿದವರ ಕಥೆಗಳಲ್ಲಿ ಧೈರ್ಯದ ಮಾತೇ ಹೆಚ್ಚು. ನನಗೇನೂ ಧೈರ್ಯ ಇರಲಿಲ್ಲ. ಇಂಥ ಜನ ಇದ್ದರು, ಅಷ್ಟೆ.

ಈಗ ಕುರಿಗಳ ವಿಷಯಕ್ಕೆ ಬರುತ್ತೇನೆ.

ನನ್ನ ಕಕ್ಷಿದಾರಳ ಹೆಸರು ನರಸಕ್ಕ. ಪಾವಗಡದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಯವಳು. ಆ ಊರಿನ ಜನ ವಾಕ್ಯವನ್ನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ, ಅದು ಅವರಿಗೇ ಗೊತ್ತಾಗುವುದಿಲ್ಲ. ನರಸಕ್ಕ ಊರಿನ ಸ್ಕೂಲಿನಲ್ಲಿ ಬಿಸಿಯೂಟದ ಅಡುಗೆಯವಳು. ಮಕ್ಕಳು ಊಟದ ಗಂಟೆಗಿಂತ ಮೊದಲೇ ತಟ್ಟೆ ಬಡಿಯುವಂಥ ಕೈ ಅವಳದು ಅಂತ ಊರಿನವರೇ ಹೇಳುತ್ತಿದ್ದರು. ಅದು ಮೊದಲು.

ದಾವೆ ಹಾಕಿದ್ದವನು ಈರಣ್ಣ. ಸಿರಾ ತಾಲ್ಲೂಕಿನ ಹುಲಿಕುಂಟೆ ಕಡೆಯವನು. ವರ್ಷಕ್ಕೊಮ್ಮೆ ಮಂದೆ ಹೊಡೆದುಕೊಂಡು ಪಾವಗಡದ ಕಡೆ ಮೇಯಿಸಲು ಬರುವವನು. ಅಚ್ಚ ಕನ್ನಡದವನು, ತೆಲುಗು ಒಂದಕ್ಷರ ಬಾರದು. ಒಂದು ಭಾನುವಾರ ಮಧ್ಯಾಹ್ನ ಅವನು ಟೀ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ನರಸಕ್ಕನ ಮನೆ ಹಿಂದಿನ ನೀರಿನ ತೊಟ್ಟಿಯ ಹತ್ತಿರ ಅವನ ಕುರಿಗಳು ಬಿದ್ದು ಒದ್ದಾಡುತ್ತಿದ್ದವು. ಹಲವು ಸತ್ತವು. ಬೇಲಿಯಾಚೆಯಿಂದ ನೋಡಿದವರು, "ನರಸಕ್ಕ ಅದೇನೋ ಮಂದು ಹಾಕ್ತಾ ಇದ್ದಳು" ಅಂದರು.

ತೆಲುಗಿನ ಈ 'ಮಂದು' ಅನ್ನುವ ಪದ ಇದೆಯಲ್ಲ, ಅದರಂಥ ಬಹುರೂಪಿ ಪದ ಇನ್ನೊಂದಿಲ್ಲ. ಒಂದೇ ಪದ ಎಷ್ಟೋ ಕೆಲಸಕ್ಕೆ ಹಾಜರಿ ಹಾಕುತ್ತದೆ. ಜ್ವರದ ಮಾತ್ರೆಯೂ ಮಂದು. ಬೆಳೆಗೆ ಹೊಡೆಯುವ ಕ್ರಿಮಿನಾಶಕವೂ ಮಂದು. ಸಂಜೆ ಗಂಡಸರು ಕುಡಿದು ಬರುವುದೂ ಮಂದು. ಕುರಿ ಸತ್ತು ಬಿದ್ದಿರುವಾಗ ಕೇಳಿದವರಿಗೆ ಯಾವ ಅರ್ಥ ಹೊಳೆಯುತ್ತದೆ? ಈರಣ್ಣನ ಕಿವಿಗೆ ಅದು ನಮ್ಮ ಕನ್ನಡದ 'ಮದ್ದು' ಅಂತಲೇ ಕೇಳಿಸಿತು. ಸೊನ್ನೆ ಹೋಗಿ ಒತ್ತು ಬಂತು. ನಮ್ಮ ಕಡೆ ಹೆಂಗಸೊಬ್ಬಳು 'ಮದ್ದು ಹಾಕಿದಳು' ಅಂದರೆ ಏನರ್ಥ ಅಂತ ನಾನು ನಿಮಗೆ ಹೇಳಬೇಕೆ? ಅನ್ನದಲ್ಲಿ ಕೇಡು ಬೆರೆಸುವ ಅಂಥವಳ ಮನೆಯಲ್ಲಿ ಯಾರೂ ನೀರು ಕೂಡ ಮುಟ್ಟುವುದಿಲ್ಲ. ಮಾತು ಪೇಟೆಯ ವಕೀಲರ ಆಫೀಸು ತಲುಪಿ, ದಾವೆಯ ಕಾಗದಕ್ಕೆ ಇಳಿಯುವ ಹೊತ್ತಿಗೆ 'ವಿಷಪ್ರಾಶನ' ಆಗಿತ್ತು.

ಸ್ಕೂಲಿನವರು ನರಸಕ್ಕನನ್ನು ತೆಗೆದುಹಾಕಲಿಲ್ಲ. ಅದಕ್ಕಿಂತ ಕಷ್ಟದ್ದು ಮಾಡಿದರು. "ಕೇಸು ಮುಗಿಯೋವರೆಗೂ ಸೌಟು ಮುಟ್ಟಬೇಡ, ಪಾತ್ರೆ ತೊಳಿ ಸಾಕು" ಅಂದರು. ತಾಯಂದಿರೇ ಬಂದು ಗೇಟಿನಲ್ಲಿ ನಿಂತು ಹಾಗೆ ಕೇಳಿಕೊಂಡಿದ್ದರಂತೆ. ಅವರನ್ನು ಬೈಯಲೂ ನನಗೆ ಮನಸ್ಸಿಲ್ಲ. ನನ್ನ ಮಗಳ ಸ್ಕೂಲಾಗಿದ್ದರೆ ನಾನು ಏನು ಮಾಡುತ್ತಿದ್ದೆ?

ರಾಜಿ ಮಾಡಿಕೋ ಅಂತ ಎಲ್ಲರೂ ಹೇಳಿದರು. ಸತ್ತ ಕುರಿಗಳಿಗೆ ಏನೋ ಒಂದಿಷ್ಟು ಕೊಟ್ಟುಬಿಟ್ಟರೆ ಈರಣ್ಣನೂ ಸಿದ್ಧನಿದ್ದ. ನರಸಕ್ಕ ಒಪ್ಪಲಿಲ್ಲ. "ಕೊಟ್ಬುಟ್ರೆ ನಾನೇ ಸಾಯ್ಸಿದೆ ಅಂತ ಬರ್ಕೊಟ್ಟಂಗಲ್ವೇನಮ್ಮಾ? ಆಮೇಲೆ ನನ್ ಕೈಲಿ ಯಾರು ಉಣ್ತಾರೆ?"

ಅವಳಿಗೆ ಬೇಕಿದ್ದದ್ದು ಅಷ್ಟೇ. ಸೌಟು.

ನನ್ನ ಮುಂದೆ ಲ್ಯಾಬ್ ರಿಪೋರ್ಟು ಬಂದಾಗ ಹಳೇ ಗೆಳತಿ ಸಿಕ್ಕ ಹಾಗಾಯಿತು. ಸತ್ತ ಕುರಿಗಳ ಹೊಟ್ಟೆಯಲ್ಲಿ ಸೈನೈಡ್ ಅಂಶ! ಎದುರು ಪಾರ್ಟಿಯ ವಕೀಲರು ಅದನ್ನೇ ಬಾವುಟದಂತೆ ಹಾರಿಸುತ್ತಿದ್ದರು. ನನಗೆ ಒಳಗೊಳಗೇ ಖುಷಿ. ಏಕೆಂದರೆ ಸೈನೈಡಿಗೆ ಅಂಗಡಿಗೇ ಹೋಗಬೇಕಿಲ್ಲ. ಕೊಯ್ದ ಜೋಳದ ಕೂಳೆ ಮಳೆಗೆ ಮತ್ತೆ ಚಿಗುರುತ್ತದಲ್ಲ, ಆ ಎಳೆ ಚಿಗುರಿನಲ್ಲಿ ಅದು ತಾನಾಗಿ ಹುಟ್ಟುತ್ತದೆ. ಕುರಿ ಹೊಟ್ಟೆತುಂಬ ಮೇಯ್ದರೆ ಮುಗಿಯಿತು. ಅದನ್ನೆಲ್ಲ ಕೊನೆಯ ವಾದಕ್ಕೆ ಅಂತ ಅಣುವಿನ ಚಿತ್ರದ ಸಮೇತ ಬರೆದಿಟ್ಟುಕೊಂಡೆ. ನರಸಕ್ಕನನ್ನು ಕೇಳಿದ್ದು ಒಂದೇ ಪ್ರಶ್ನೆ.

"ವಿಷ ಹಾಕಿದ್ಯಾ ನರಸಕ್ಕ?"

"ಇಲ್ಲಮ್ಮ. ಅಮ್ಮತೋಡು, ಇಲ್ಲ." (ಅಮ್ಮನಾಣೆ ಅನ್ನುವುದಕ್ಕೆ ಅವಳ ಊರಿನ ಮಾತು.)

ಸಾಕಲ್ಲ? 'ಪ್ರತಿವಾದಿಯು ಕುರಿಗಳಿಗೆ ಏನನ್ನೂ ಹಾಕಿರುವುದಿಲ್ಲ' ಅಂತ ಕೋರ್ಟಿಗೆ ಉತ್ತರ ಬರೆದುಕೊಟ್ಟೆ.

ಸೀನಿಯರ್ ಎರಡನ್ನೂ ಓದಿ, "ಕೆಮಿಸ್ಟ್ರಿ ಭರ್ಜರಿಯಾಗೈತೆ. ಆಯಮ್ಮನ ಕೂರಿಸ್ಕೊಂಡು ಮಾತಾಡ್ಸಿದ್ಯೇನಮ್ಮಾ?" ಅಂದರು. "ಮಾತಾಡಿಸಿದೆ ಸರ್" ಅಂದೆ. "ಮಾತಾಡ್ಸಿದ್ಯೋ, ಪ್ರಶ್ನೆ ಕೇಳಿದ್ಯೋ?" ಅಂದರು. ನಾನು ನಕ್ಕು ಫೈಲು ಎತ್ತಿಕೊಂಡೆ. ಫ್ಯಾಕ್ಟರಿಯ ಅಭ್ಯಾಸ ನೋಡಿ. ಬಾಟಲಿಯಲ್ಲಿ ತುಂಬಿ ತಂದ ಸ್ಯಾಂಪಲ್ಲಿಗೆ ಮಾತು ಬರುವುದಿಲ್ಲ. ಬೇಕಾದ್ದನ್ನು ನಾವೇ ಪರೀಕ್ಷೆ ಮಾಡಿ ಬರೆದುಕೊಳ್ಳಬೇಕು. ಮನುಷ್ಯರಿಗೆ ಮಾತು ಬರುತ್ತದೆ, ಕೇಳುವ ವ್ಯವಧಾನ ಇರಬೇಕು.

ಹೀಗೆ ನಾವು ಕೋರ್ಟಿಗೆ ಹೋದೆವು. (ಯಾವ ಊರಿನ ಕೋರ್ಟು ಅಂತ ಕೇಳಬೇಡಿ. ನಾಳೆ ನಾನು ಅಲ್ಲೇ ಹೋಗಿ ನಿಲ್ಲಬೇಕು.) ಪಾಟೀ ಸವಾಲಿನಲ್ಲಿ ಎದುರು ವಕೀಲರು ಅದನ್ನು ಇದನ್ನು ಕೇಳುತ್ತಾ ಇದ್ದಕ್ಕಿದ್ದಂತೆ, "ಹಾಗಾದರೆ ಆ ದಿನ ಕುರಿಗಳ ಬಾಯಿಗೆ ಮಂದು ಹಾಕಿದವರು ಯಾರಮ್ಮ?" ಅಂದರು. ನರಸಕ್ಕನ ಮುಖದಲ್ಲಿ, ನಿಜವಾಗಿ ಹೇಳುತ್ತೇನೆ, ಸಮಾಧಾನ ಕಾಣಿಸಿತು. ಕೊನೆಗೂ ಸರಿಯಾದ ಪ್ರಶ್ನೆ ಕೇಳಿದರಲ್ಲ ಅನ್ನುವ ಹಾಗೆ.

"ಔನು ಸಾಮಿ. ಮಂದು ಹಾಕಿದ್ದು ನಾನೇ."

ವಕೀಲರು ನನ್ನ ಕಡೆ ತಿರುಗಿ ನಕ್ಕರು. ಹಿಂದಿನ ಬೆಂಚಿನಲ್ಲಿ ಈರಣ್ಣ ಎದ್ದು ನಿಂತು, "ಕೇಳುದ್ರಾ! ಅವ್ಳ ಬಾಯಾಗೇ ಬಂತು ಕೇಳುದ್ರಾ!" ಅಂದ. ಜಡ್ಜ್ ಸಾಹೇಬರು ಅವನನ್ನು ಕೂರಿಸಿ, ಹೇಳಿಕೆಯನ್ನು ಟೈಪಿಸ್ಟಿಗೆ ಹೇಳಿ ಬರೆಸತೊಡಗಿದರು. "ಕುರಿಗಳಿಗೆ... ಹಾಕಿದ್ದು... ನಾನೇ..."

ಟೈಪಿಸ್ಟ್ ಹುಡುಗಿಯ ಬೆರಳು ನಿಂತಿತು.

"ಸರ್, ಮಂದು ಅಂತ ಹೊಡೀಲಾ, ಮದ್ದು ಅಂತ ಹೊಡೀಲಾ?"

ಪಾಪ, ಅವಳು ಕೇಳಿದ್ದು ಬರೀ ಸ್ಪೆಲ್ಲಿಂಗ್. ಆದರೆ ಜಡ್ಜ್ ಸಾಹೇಬರು ಹೊಸಬರು, ಕರಾವಳಿಯವರು. "ಯಾಕಮ್ಮಾ, ಎರಡೂ ಬೇರೆಯಾ?" ಅಂದರು. ಅಷ್ಟೇ ಸಾಕಾಯಿತು. ಇಡೀ ಹಾಲೇ ಉತ್ತರ ಕೊಡಲು ಎದ್ದಿತು. "ಮಂದು ಅಂದ್ರೆ ಬ್ರಾಂದಿ ಸಾ" ಅಂತ ಒಬ್ಬ. "ಲೇ, ಕುರಿಗ್ಯಾವನ್ಲಾ ಬ್ರಾಂದಿ ಹಾಕ್ತಾನೆ, ನಿಂಗೇ ಸಾಲಲ್ಲ" ಅಂತ ಇನ್ನೊಬ್ಬ. ಅಟೆಂಡರು ಸದ್ದು ಸದ್ದು ಅಂತ ಕೂಗಿದ.

ಆ ಗದ್ದಲದಲ್ಲಿ ನನಗೆ ತೋವಿನಕೆರೆಯ ನನ್ನಜ್ಜಿಯ ಮಾತು ಕೇಳಿಸಿತು. "ಮದ್ದು ಕುಡುದ್ಯೇನವ್ವಾ? ಕೆಮ್ಮು ನಿಲ್ತಾ?" ನಾನು ಚಿಕ್ಕವಳಿದ್ದಾಗ ಅಜ್ಜಿಯ ಬಾಯಲ್ಲಿ ಮದ್ದು ಅಂದರೆ ಮೊದಲು ಕಷಾಯ. ಪಟಾಕಿಯೊಳಗಿನದು ಆಮೇಲೆ. ಕೇಡಿನದಂತೂ ಎಲ್ಲಕ್ಕಿಂತ ಕೊನೆಗೆ, ಅದೂ ಪಿಸುಮಾತಿನಲ್ಲಿ. ನಾವು ಈಚಿನವರು ಒಳ್ಳೆಯ ಅರ್ಥವನ್ನು 'ಮೆಡಿಸಿನ್‌'ಗೆ ಕೊಟ್ಟುಬಿಟ್ಟು, ಮದ್ದಿಗೆ ಕೆಟ್ಟದ್ದನ್ನು ಮಾತ್ರ ಉಳಿಸಿದ್ದೇವೆ. ಹಿರಿಯರಿಂದ ಮಾತು ಕಲಿತವರಿಗೆ ಇದೊಂದು ಲಾಭ. ಒಂದು ಪದದ ಹಿಂದೆ ಎಷ್ಟು ಬಾಗಿಲಿವೆ ಅಂತ ಗೊತ್ತಿರುತ್ತದೆ.

ಪಾಟೀ ಸವಾಲು ಮುಗಿದ ಮೇಲೆ, ಗೊಂದಲ ಇರುವ ಮಾತನ್ನು ಬಿಡಿಸಿ ಹೇಳಿಸಲು ನಮ್ಮ ಸಾಕ್ಷಿಯನ್ನು ನಾವೇ ಮತ್ತೆ ಕೇಳಬಹುದು. ಕಾನೂನು ಅಷ್ಟು ಉದಾರವಾಗಿದೆ. ನಾನು ಎದ್ದೆ. ಅಣುವಿನ ಚಿತ್ರವನ್ನು ಫೈಲಿನೊಳಗೇ ಬಿಟ್ಟೆ.

"ನರಸಕ್ಕ, ಮಂದು ಅಂದ್ಯಲ್ಲ, ಏನು ಹಾಕಿದ್ದು?"

"ಬೆಲ್ಲದ ನೀರಮ್ಮಾ. ಬೆಲ್ಲ ಕರಗ್ಸಿ, ಗೊಟ್ಟದಾಗೆ ತುಂಬಿ ಬಾಯಿಗೆ ಹುಯ್ದೆ." (ದನಕುರಿಗಳಿಗೆ ಔಷಧಿ ಕುಡಿಸುವ ಬಿದಿರಿನ ಕೊಳವೆಯೇ ಗೊಟ್ಟ.)

"ಯಾಕೆ ಹುಯ್ದೆ?"

"ಅವು ಬಿದ್ದೋಗ್ತಾ ಇದ್ವಲ್ಲಮ್ಮಾ! ಕೂಳೆ ಜೋಳ ಮೇಯ್ಕೊಂಡು ಬಂದವು, ತೊಟ್ಟಿ ತಾವ ಬಂದು ದಬಾ ದಬಾ ಅಂತ ಬಿದ್ವು. ನಮ್ಮಪ್ಪ ಅಂಗೇ ಮಾಡ್ತಿದ್ದ, ನಾನೂ ಅಂಗೇ ಮಾಡ್ದೆ. ಬೆಲ್ಲ ಸಾಲ್ಲಿಲ್ಲ. ಅಂಗಡಿಗೆ ಓಡ್ದೆ. ಬರೋದ್ರಾಗೆ ಈ ಯಪ್ಪ ನಿಂತ್ಕೊಂಡು ನನ್ನೇ ಬಯ್ತಾ ಇದ್ದ."

ಜಡ್ಜ್ ಸಾಹೇಬರು ಮುಂದಕ್ಕೆ ಬಾಗಿದರು. "ಅಮ್ಮಾ, ಮಂದು ಕುಡಿದ ಕುರಿಗಳೇ ಸತ್ತವಾ?"

"ಇಲ್ಲ ಸಾಮಿ, ಕುಡಿದವು ಬಹುಪಾಲು ಎದ್ವು. ಕುಡಿಸೋಕಾಗದೇ ಇದ್ದವು ಹೋದ್ವು." ಅವಳ ದನಿ ಅಲ್ಲಿ ಮೊದಲ ಸಲ ಒಡೆಯಿತು. "ಇದನ್ನೇ ನಾನು ಊರೆಲ್ಲ ಹೇಳ್ತಾ ಇದೀನಿ ಸಾಮಿ, ಮಂದು ಹಾಕ್ದೆ, ಮಂದು ಹಾಕ್ದೆ ಅಂತ. ಯಾರೂ ಕೇಳಲ್ಲ."

ಇಷ್ಟು ದಿನ ಆಕೆ ತಾನು ತಪ್ಪಿತಸ್ಥಳಲ್ಲ ಅಂತ ಸಾರಿದ್ದು ಯಾವ ಪದದಲ್ಲೋ, ಜನ ಆಕೆಯನ್ನು ದೂರಿದ್ದೂ ಅದೇ ಪದದಲ್ಲಿ! ಹೇಳಿದಷ್ಟೂ ಸಿಕ್ಕಿಕೊಂಡಳು. 'ಏನನ್ನೂ ಹಾಕಿರುವುದಿಲ್ಲ' ಅಂತ ನಾನು ಬರೆದುಕೊಟ್ಟು ಆ ಗಂಟನ್ನು ಇನ್ನಷ್ಟು ಬಿಗಿಮಾಡಿದ್ದೆ.

ಆಗ ಈರಣ್ಣ ಎದ್ದ. ಈ ಸಲ ಕೂಗಲಿಲ್ಲ.

"ಅಕ್ಕಾ, ಕೂಳೆ ಜೋಳಕ್ಕೆ ಬಿದ್ದಿದ್ವಾ?"

"ನೀನು ಟೀ ಕುಡಿಯೋಕೆ ಹೋಗಿದ್ದಲ್ಲಪ್ಪಾ. ಆ ಪಕ್ಕದ ಹೊಲಕ್ಕೆ ನುಗ್ಗಿದ್ವು."

ಕುರಿ ಕಾಯುವವನಿಗೆ ಕೂಳೆ ಜೋಳದ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಈರಣ್ಣ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. ಆಮೇಲೆ ತನ್ನ ವಕೀಲರಿಗೆ, ಅವರು ಬೇಡ ಬೇಡ ಅಂತ ಕೈಯಾಡಿಸುತ್ತಿದ್ದರೂ, ಎಲ್ಲರಿಗೂ ಕೇಳುವಂತೆ ಹೇಳಿದ: "ಬುಡಿ ಸಾ. ಈ ಯಮ್ಮ ಔಸ್ತಿ ಹಾಕವ್ಳೆ. ನಾನು ಮದ್ದು ಅನ್ಕೊಂಡ್ಬುಟ್ಟೆ. ಉಳ್ದಿರೋ ಮಂದೆ ಇವ್ಳು ಉಳಿಸ್ಕೊಟ್ಟಿರೋದು. ನಂಗೆ ಕೇಸ್ ಬ್ಯಾಡ."

ಇಂಥ ಮಾತನ್ನು ನಾನು ಕೋರ್ಟಿನಲ್ಲಿ ಹಿಂದೆ ಕೇಳಿರಲಿಲ್ಲ. ಗೆಲ್ಲುತ್ತಿದ್ದೇನೆ ಅಂದುಕೊಂಡಿದ್ದ ಮನುಷ್ಯ, ಎಲ್ಲರೆದುರಿಗೆ, ತಾನು ಕೇಳಿಸಿಕೊಂಡದ್ದೇ ತಪ್ಪು ಅಂತ ಒಪ್ಪಿಕೊಳ್ಳುವುದು ಎಷ್ಟು ದೊಡ್ಡದು! ನಮ್ಮ ಮನೆಗಳಲ್ಲಿ, ಫೋನಿನ ಗ್ರೂಪುಗಳಲ್ಲಿ, ಅಣ್ಣತಮ್ಮಂದಿರ ನಡುವೆ ನಿಂತುಹೋದ ಮಾತುಗಳಲ್ಲಿ ಎಷ್ಟು 'ಮಂದು'ಗಳು 'ಮದ್ದು'ಗಳಾಗಿ ಕೂತಿವೆಯೋ? ಅಲ್ಲಿ ಬೆರಳು ನಿಲ್ಲಿಸಿ, "ಸರ್, ಇದನ್ನ ಹೆಂಗೆ ಬರೀಲಿ?" ಅಂತ ಕೇಳುವ ಟೈಪಿಸ್ಟ್ ಇರುವುದಿಲ್ಲ. ಆ ಹುಡುಗಿಗೆ ಆಮೇಲೆ ಥ್ಯಾಂಕ್ಸ್ ಹೇಳಲು ಹೋದೆ. "ಯಾಕೆ ಮೇಡಂ?" ಅಂದಳು. ಅವಳಿಗೆ ಏನೂ ಗೊತ್ತೇ ಆಗಿರಲಿಲ್ಲ.

ದಾವೆ ವಾಪಸಾಯಿತು. ಅಲ್ಲಿಗೆ ಮುಗಿಯಿತು ಅಂತ ನಾನು ಫೈಲು ಕಟ್ಟಿದೆ. ನರಸಕ್ಕ ಕೋರ್ಟಿನ ಹೊರಗಿನ ಬೇವಿನ ಮರದಡಿ ಈರಣ್ಣನನ್ನು ಅಡ್ಡಹಾಕಿ ನಿಂತಿದ್ದಳು. ಅವನು ಕೈ ಮುಗಿಯಲು ಹೋದರೆ, "ಕೈ ಇಳ್ಸಪ್ಪಾ. ನಿನ್ ಕೈ ಮುಗ್ಸಿಕೊಂಡು ನಾನೇನ್ ಮಾಡ್ಲಿ? ಊರ್‌ಗೆ ಬಾ. ನಿನ್ ಮಾತಿಗೆ ಹೋಗಿದ್ದು ನನ್ ಹೆಸ್ರು, ನೀನೇ ಬಂದು ತಂದ್ಕೊಡು" ಅಂದಳು.

ಅವನು ಬಂದ. ಮೊನ್ನೆ ಬುಧವಾರ. ನನಗೂ ಹೇಳಿಕಳಿಸಿದ್ದಳು, ಹೋದೆ.

ಸ್ಕೂಲಿನವರು ಅಷ್ಟು ಹೊತ್ತಿಗೆ ಸೌಟು ವಾಪಸು ಕೊಟ್ಟಿದ್ದರು. ಆದರೆ ಸೌಟು ಕೊಟ್ಟ ಮಾತ್ರಕ್ಕೆ ಊಟ ಆಗುತ್ತದೆಯೇ? ಗೇಟಿನ ಹತ್ತಿರ ತಾಯಂದಿರು ನಿಂತಿದ್ದರು. ಮಕ್ಕಳು ತಟ್ಟೆ ಹಿಡಿದು ಅವರ ಮುಖ ನೋಡುತ್ತಿದ್ದವು. ನರಸಕ್ಕ ಅನ್ನದ ಪಾತ್ರೆಯ ಹಿಂದೆ ನಿಂತು ಯಾರನ್ನೂ ಕರೆಯಲಿಲ್ಲ. ಕರೆಯುವ ಹಾಗಿರಲಿಲ್ಲ.

ಈರಣ್ಣ ಭಾಷಣ ಮಾಡಬಹುದು ಅಂತ ನಾನು ಎಣಿಸಿದ್ದೆ. ಅವನು ಚಪ್ಪಲಿ ಬಿಟ್ಟು ನಲ್ಲಿಯಲ್ಲಿ ಕೈತೊಳೆದು, ರಾಶಿಯಿಂದ ಒಂದು ತಟ್ಟೆ ಎತ್ತಿಕೊಂಡು ಸಾಲಿನ ಮುಂದೆ ಹೋಗಿ ಹಿಡಿದ. ಜಗಲಿಯಲ್ಲಿ ಕಾಲು ಮಡಚಿ ಕೂತ. ಕಲೆಸಿದ. ಉಂಡ. ತಟ್ಟೆ ಅರ್ಧ ಖಾಲಿಯಾದ ಮೇಲೆ ಅವನು ತಲೆ ಎತ್ತಿ, "ಸಾರ್‌ಗೆ ಉಪ್ಪು ವಸಿ ಕಮ್ಮಿ ಕಣಕ್ಕಾ" ಅಂದ.

"ಅದ್ಕೂ ಒಂದ್ ಕೇಸ್ ಹಾಕು!" ಅಂದಳು ನರಸಕ್ಕ.

ಮೊದಲು ನಕ್ಕವಳು ಗೇಟಿನಲ್ಲಿದ್ದ ಒಬ್ಬ ತಾಯಿ. ನಗುತ್ತಲೇ ತನ್ನ ಮಗಳ ಬೆನ್ನು ಮುಟ್ಟಿ, "ಪೋವೇ, ತಟ್ಟೆ ಹಿಡಿ ಹೋಗು" ಅಂದಳು. ಒಂದು ಮಗು ಹೋಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲು ಯಾರ ಮಾತೂ ಕೇಳಲಿಲ್ಲ, ನೂಕಾಟವೇ ಶುರುವಾಯಿತು. ನರಸಕ್ಕ ಬೈಯುತ್ತಾ ಬಡಿಸತೊಡಗಿದಳು. ಎಷ್ಟು ದಿನದ ಬೈಗುಳ ಬಾಕಿ ಇತ್ತೋ ಪಾಪ.

ನಾನು ಕಂಬಕ್ಕೊರಗಿ, ಹೆಗಲಲ್ಲಿ ಬ್ಯಾಗು ಹಾಕಿಕೊಂಡು, ಕಣ್ಣು ಒರೆಸಿಕೊಳ್ಳುತ್ತಾ ನೋಡುತ್ತಿದ್ದೆ. ಈ ಕೋಟು ಹಾಕಿಕೊಂಡದ್ದಕ್ಕೆ ಯಾರು ಯಾರಿಗೆ ಕೈಮುಗಿಯಬೇಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ನರಸಕ್ಕನ ಕಣ್ಣು ನನ್ನ ಮೇಲೆ ಬಿತ್ತು. ಸೌಟು ಎತ್ತಿ ನನ್ನ ಕಡೆಗೇ ತೋರಿಸಿ, ಇಡೀ ಸ್ಕೂಲಿಗೆ ಕೇಳುವಂತೆ ಕೂಗಿದಳು:

"ಲಾಯರಮ್ಮಾ, ನೀನ್ಯಾಕೆ ಇನ್ನೂ ನಿಂತಿದೀಯ? ನಿಂಗೂ ಅನುಮಾನನಾ?"